ಬಿಳಿ ರಕ್ತಕಣದ ವರದಿ: ಮಕ್ಕಳ ಡಾಕ್ಟರನ್ನು ಕೇಳಿ

ಚಿನ್ನು ಅಮ್ಮ: ಡಾಕ್ಟ್ರೇ, ಪಪ್ಪಾಯಿ ಎಲೆ ರಸ ಕುಡಿಸಿದರೆ ಮಗುವಿಗೆ ಬಿಳಿ ಕಣ ಜಾಸ್ತಿ ಆಗುತ್ತಾ?

ಡಾಕ್ಟರ್: ಬೇಡ. ನಿನ್ನೆಯೂ ಇದನ್ನೇ ಹೇಳಿದ್ದೆ.

ಬಳ್ಳಾರಿ ಅಪ್ಪ: ಉಬ್ಬಸಕ್ಕೆ ಸ್ಟೀರಾಯ್ಡ್ ಕೊಟ್ಟರು. ಮರುದಿನ ಬಿಳಿ ಕಣ 9 ಸಾವಿರದಿಂದ 16 ಸಾವಿರ. ಸೋಂಕಾ?

ಡಾಕ್ಟರ್: ಸ್ಟೀರಾಯ್ಡಿನಿಂದಲೂ ಏರುತ್ತದೆ. ರಕ್ತನಾಳದ ಗೋಡೆಗೆ ಅಂಟಿದ್ದ ಕಣಗಳು ಬಿಟ್ಟುಕೊಂಡು ಹರಿವಿಗೆ ಬರುತ್ತವೆ, ಎಣಿಕೆಗೆ ಸಿಗುತ್ತವೆ. ವರದಿಯನ್ನು ಔಷಧ ಬರೆದವರಿಗೆ ತೋರಿಸಿ.

ಸಿರಿ ಅಮ್ಮ: ಮಗಳಿಗೆ 5 ವಾರ. ಹೊಕ್ಕುಳ ಬಳ್ಳಿ ಬಿದ್ದಿಲ್ಲ. ಸುತ್ತ ಕೆಂಪಾಗಿದೆ, ಕೀವಿಲ್ಲ. ಬಿಳಿ ಕಣ 48 ಸಾವಿರ. ಇಷ್ಟಿದ್ದರೆ ಒಳ್ಳೇದೇ ಅಲ್ವಾ? ಅತ್ತೆ ಅರಿಶಿನ, ತುಪ್ಪ ಹಚ್ಚುತ್ತಿದ್ದಾರೆ.

ಡಾಕ್ಟರ್: ಒಳ್ಳೇದಲ್ಲಮ್ಮ. ಹಚ್ಚುವುದು ನಿಲ್ಲಿಸಿ, ಇವತ್ತೇ ದೊಡ್ಡ ಮಕ್ಕಳ ಆಸ್ಪತ್ರೆಗೆ ಹೋಗಿ. ಬಳ್ಳಿ ಸಾಮಾನ್ಯವಾಗಿ 1–2 ವಾರಕ್ಕೆ ಬೀಳುತ್ತದೆ. ಕೀವಿಲ್ಲ ಅನ್ನುವುದೇ ನನಗೆ ಚಿಂತೆ. ಸೋಂಕಾದ ಕಡೆ ರಕ್ತನಾಳದ ಒಳಗೋಡೆಯಲ್ಲಿ ಸೆಲೆಕ್ಟಿನ್ ಎಂಬ ಪ್ರೊಟೀನ್ ಏಳುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ಕಣ ಅದಕ್ಕೆ ತಾಗಿ, ನಿಧಾನವಾಗಿ ಉರುಳುತ್ತದೆ. ಆಮೇಲೆ ತನ್ನ ಮೈಮೇಲಿನ ಇಂಟೆಗ್ರಿನ್ ಎಂಬ ಪ್ರೊಟೀನ್‌ನಿಂದ ಗೋಡೆ ಹಿಡಿದು ನಿಲ್ಲುತ್ತದೆ, ಸಂದಿಯಲ್ಲಿ ನುಸುಳಿ ಗಾಯಕ್ಕೆ ಹೋಗುತ್ತದೆ. ತೀರಾ ಅಪರೂಪಕ್ಕೆ, ಹುಟ್ಟಿನಿಂದಲೇ ಆ ಇಂಟೆಗ್ರಿನ್‌ನ ಸಿಡಿ18 ಭಾಗ ಇರುವುದಿಲ್ಲ. ಕಣ ಉರುಳುತ್ತದೆ, ನಿಲ್ಲುವುದಿಲ್ಲ. ರಕ್ತದಲ್ಲಿ ರಾಶಿ, ಗಾಯದಲ್ಲಿ ಒಂದೂ ಇಲ್ಲ. ಕೀವು ಎಂದರೆ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ. ಬಳ್ಳಿ ಕಳಚುವುದಕ್ಕೂ ಅವು ಬೇಕು. ನಿಮ್ಮ ಮಗುವಿಗೆ ಇದೇ ಎಂದು ಹೇಳುತ್ತಿಲ್ಲ. ಫ್ಲೋ ಸೈಟೋಮೆಟ್ರಿಯಲ್ಲಿ (ಕಣದ ಮೈಮೇಲೆ ಯಾವ ಪ್ರೊಟೀನ್ ಇದೆ ಎಂದು ನೋಡುವ ರಕ್ತ ಪರೀಕ್ಷೆ) ಸಿಡಿ18 ನೋಡಬೇಕಾ ಎಂದು ಅಲ್ಲಿ ಕೇಳಿ. ಸಂಬಂಧದಲ್ಲಿ ಮದುವೆಯಾ? ಮೊದಲು ಮಗು ತೀರಿಕೊಂಡಿತ್ತಾ?

ಸಿರಿ ಅಮ್ಮ: ಅಮ್ಮನ ತಮ್ಮನನ್ನೇ ಆಗಿರೋದು. ಮೊದಲನೇದು 3 ತಿಂಗಳಿಗೆ ಹೋಯ್ತು. ಸೋಂಕು ಅಂದ್ರು.

ಡಾಕ್ಟರ್: ಈಗಲೇ ಹೊರಡಿ. ಇದನ್ನೂ ಅಲ್ಲಿ ಹೇಳಿ. ಅದೇ ಕಾಯಿಲೆ ಆದರೂ ಅಸ್ಥಿಮಜ್ಜೆ ಕಸಿ ಇದೆ. ಬೇಗ ಗೊತ್ತಾಗಬೇಕು, ಅಷ್ಟೇ.

ಉಡುಪಿ ಅಮ್ಮ: ಜ್ವರ ಬಂದಾಗಲೆಲ್ಲ ಮಗಳ ಕುತ್ತಿಗೆಯಲ್ಲಿ ಗಂಟು ಊದುತ್ತದೆ. ಯಾಕೆ?

ಹಳೇ ಸದಸ್ಯ: ನಮ್ಮಜ್ಜಿ ಹನ್ನೊಂದು ಮಕ್ಕಳಿಗೂ ಅರಿಶಿನವನ್ನೇ ಹಚ್ಚಿದ್ದು.

ಬಳ್ಳಾರಿ ಅಪ್ಪ: ಹನ್ನೊಂದರಲ್ಲಿ ಉಳಿದಿದ್ದೆಷ್ಟು ಸಾರ್?

ಹಳೇ ಸದಸ್ಯ: ನಮ್ಮ ಮನೆ ವಿಷಯ ನಿಮಗ್ಯಾಕ್ರೀ? ಸಂಬಂಧದ ಮದುವೆ ಬೈಯೋಕೆ ಈ ಗುಂಪು ಮಾಡಿದ್ದಾ?

ಡಾಕ್ಟರ್: ಯಾರೂ ಬೈದಿಲ್ಲ. ಒಂದೇ ಜೀನ್ ದೋಷ ಅಪ್ಪ, ಅಮ್ಮ ಇಬ್ಬರಿಂದಲೂ ಬಂದರೆ ಈ ಕಾಯಿಲೆ. ಸಂಬಂಧದಲ್ಲಿ ಆ ಸಾಧ್ಯತೆ ಜಾಸ್ತಿ. ಅದಕ್ಕೇ ಕೇಳಿದ್ದು.

ಹಳೇ ಸದಸ್ಯ: ಎರಡು ಅಕ್ಷರ ಓದಿದ್ದೇ ತಡ, ಹಿರಿಯರೆಲ್ಲ ದಡ್ಡರು.

ಬಳ್ಳಾರಿ ಅಪ್ಪ: ಸುಮ್ನೆ ಇರಿ ಸಾರ್, ಆ ಮಗುವಿನ ಕಥೆ ನೋಡಿ.

ಚಿನ್ನು ಅಮ್ಮ: ಪಪ್ಪಾಯಿ ಬೇಡ ಅಂದ್ರೆ ಅಮೃತಬಳ್ಳಿ ಕಷಾಯ? ಫಾರ್ವರ್ಡ್ ಬಂದಿದೆ.

ಡಾಕ್ಟರ್: ಅದನ್ನು ಕುಡಿದು ಲಿವರ್ ಕೆಟ್ಟವರ ವರದಿ 2021ರಲ್ಲೇ ಮುಂಬೈಯಿಂದ ಬಂದಿದೆ. ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲವೇ?

ಉಡುಪಿ ಅಮ್ಮ: ನನ್ನ ಗಂಟಿನ ಪ್ರಶ್ನೆ?