ಸಹಾಯ ಬೇಕು: ಸಾಹಸ ಕ್ರೀಡೆಯ ಹವ್ಯಾಸವಿರುವವರಿಗೆ ಎಚ್‌ಎಸ್‌ಎ ಸಾಕಾಗುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಕೆಲಸದಲ್ಲಿರುವ ನನ್ನ ತಮ್ಮನಿಗೆ ಬಂಡೆ ಹತ್ತುವುದು, ಪ್ಯಾರಾಗ್ಲೈಡಿಂಗ್ ಎಂದರೆ ಪ್ರಾಣ. ಈಗ ಅವನು ಕಂಪನಿ ಕೊಡುವ ವಿಮೆಗಳಲ್ಲಿ, ಡಿಡಕ್ಟಿಬಲ್ (ವಿಮೆ ಹಣ ಕೊಡಲು ಶುರುಮಾಡುವ ಮೊದಲು ನಾವೇ ಭರಿಸಬೇಕಾದ ಮೊತ್ತ) ಹೆಚ್ಚಿದ್ದು ಪ್ರೀಮಿಯಂ ಕಡಿಮೆಯಿರುವ ಯೋಜನೆಯನ್ನೂ ಅದರ ಜೊತೆಗೆ ತೆರೆಯಬಹುದಾದ ಆರೋಗ್ಯ ಉಳಿತಾಯ ಖಾತೆಯನ್ನೂ, ಅಂದರೆ ಎಚ್‌ಎಸ್‌ಎಯನ್ನೂ, ಆರಿಸಿಕೊಳ್ಳಲು ಹೊರಟಿದ್ದಾನೆ.

ಖಾತೆಗೆ ಹಾಕಿದ ಹಣಕ್ಕೆ ಕೇಂದ್ರ ಆದಾಯ ತೆರಿಗೆಯಿಲ್ಲ, ಉಳಿದದ್ದು ಮುಂದಿನ ವರ್ಷಕ್ಕೂ ಸಿಗುತ್ತದೆ. ಆದರೆ 2026ರಲ್ಲಿ ಒಬ್ಬರ ಖಾತೆಗೆ ಹಾಕಬಹುದಾದದ್ದು ಗರಿಷ್ಠ 4,400 ಡಾಲರ್. ಇಂಥ ಯೋಜನೆಯಲ್ಲಿ ಒಬ್ಬರು ಕೈಯಿಂದ ಭರಿಸಬೇಕಾಗಿ ಬರುವ ವೆಚ್ಚ 8,500 ಡಾಲರ್‌ವರೆಗೂ ಹೋಗಬಹುದು.

ಇದಕ್ಕಿಂತ ಹೆಚ್ಚು ನನ್ನನ್ನು ಕಾಡುತ್ತಿರುವುದು ಇನ್ನೊಂದು ವಿಷಯ. ಹವ್ಯಾಸದ ಕಾರಣಕ್ಕೆ ಉದ್ಯೋಗಿಯನ್ನು ಗುಂಪು ವಿಮೆಯಿಂದ ದೂರವಿಡಲು ಅಲ್ಲಿನ ಕಾನೂನು ಒಪ್ಪುವುದಿಲ್ಲವಾದರೂ, ಆ ಹವ್ಯಾಸದಿಂದಾದ ಗಾಯದ ಚಿಕಿತ್ಸೆಯನ್ನು ಹೊರಗಿಡುವ ಷರತ್ತನ್ನು ಯೋಜನೆಯಲ್ಲಿ ಸೇರಿಸಲು ಅವಕಾಶವಿದೆ. ವಿಮೆ ಕೈಬಿಟ್ಟ ಚಿಕಿತ್ಸೆಗೂ ಖಾತೆಯ ಹಣ ಬಳಸಬಹುದು, ನಿಜ. ಆದರೆ ತೊಡೆಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದರೆ, ಈಗಷ್ಟೇ ತೆರೆದ ಖಾತೆಯಲ್ಲಿ ಎಷ್ಟು ತಾನೇ ಇದ್ದೀತು?

ಇಂಥ ಗಾಯಕ್ಕೆ ಕ್ಲೇಮ್ ಮಾಡಿದವರು ಇಲ್ಲಿದ್ದರೆ, ಯೋಜನೆಯ ದಾಖಲೆಯಲ್ಲಿ ಯಾವ ಭಾಗವನ್ನು ಗಮನವಿಟ್ಟು ಓದಬೇಕು, ಪ್ರತ್ಯೇಕ ಅಪಘಾತ ವಿಮೆ ನಿಮಗೆ ನೆರವಾಯಿತೇ ಎಂಬುದನ್ನು ದಯವಿಟ್ಟು ತಿಳಿಸಿ. ಆಯ್ಕೆಯ ಅವಧಿ ಮುಗಿಯುವ ಮೊದಲೇ ಅವನಿಗೆ ಹೇಳಬೇಕಾಗಿದೆ.