ಅಪ್‌ಡೇಟ್: ನರ್ಸಿಂಗ್ ಮೊದಲ ಸೆಮಿಸ್ಟರ್ ಮುಗಿಸಿದೆ

ಅನಾಟಮಿಯ ಹೆಸರುಗಳು ನಾಲಿಗೆಗೇ ಹತ್ತುತ್ತಿಲ್ಲ, ಬಿ.ಎಸ್ಸಿ. ನರ್ಸಿಂಗ್ ಬಿಟ್ಟು ಸೋಮವಾರಪೇಟೆಗೆ ಮರಳಲೇ ಎಂದು ತುಲಾ ಸಂಕ್ರಮಣದ ಹೊತ್ತಿಗೆ ನಿಮ್ಮನ್ನು ಕೇಳಿದ್ದೆ. ಬಿಡಲಿಲ್ಲ, ಮಡಿಕೇರಿಯ ಹಾಸ್ಟೆಲಿನಲ್ಲಿದ್ದುಕೊಂಡೇ ಮೊದಲ ಸೆಮಿಸ್ಟರ್ ಮುಗಿಸಿದ್ದೇನೆ. ಪಾಠವನ್ನು ಅಂದಂದೇ ಓದಬೇಕು, ಚಿತ್ರ ಬರೆದು ಕಲಿಯಬೇಕು ಎಂದು ನೀವು ಹೇಳಿದ್ದರಲ್ಲಿ ಎರಡನೆಯದು ನನ್ನನ್ನು ಉಳಿಸಿತು: ಕನ್ನಡ ಮಾಧ್ಯಮದಲ್ಲಿ ಓದಿದ ನಾನು, ಮುಂಗೈಯ ಎಲುಬುಗಳನ್ನು ನನ್ನ ಕೈಮೇಲೆಯೇ ಪೆನ್ನಿನಿಂದ ಗುರುತಿಸಿ, ಹೆಬ್ಬೆರಳ ಕಡೆಯದು ರೇಡಿಯಸ್, ಕಿರುಬೆರಳ ಕಡೆಯದು ಅಲ್ನಾ ಎಂದು ಮನದಟ್ಟು ಮಾಡಿಕೊಂಡೆ. (ಅಂದಂದೇ ಓದುವುದು ಮಾತ್ರ ಇಂದಿಗೂ ಕೂಡಿಬಂದಿಲ್ಲ.) ವಾರ್ಡಿನ ಮೊದಲ ದಿನ, ಉಸಿರಾಟ ಎಣಿಸುತ್ತೇನೆಂದು ಅಜ್ಜಿಯೊಬ್ಬರಿಗೆ ಹೇಳಿದ್ದೇ ತಡ, ಅವರು ಉಸಿರನ್ನೇ ಬಿಗಿಹಿಡಿದರು. ಸಿಸ್ಟರ್ ನಕ್ಕು, ಏನೂ ಹೇಳದೆ, ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದುಕೊಂಡೇ ಎದೆಯ ಏರಿಳಿತವನ್ನು ಪೂರ್ತಿ 1 ನಿಮಿಷ ಎಣಿಸಬೇಕೆಂದು ತೋರಿಸಿಕೊಟ್ಟರು, 18 ಬಂದಿತು. ಮುಂದಿನ ಸೆಮಿಸ್ಟರಿನಲ್ಲಿ ಬಯೋಕೆಮಿಸ್ಟ್ರಿ ಕಾದಿದೆ.