ವರದಿಯಲ್ಲಿ ‘ಸಿಡಿ20 ಪಾಸಿಟಿವ್’ ಎಂದಿದೆ, ಹೆದರಬೇಕೇ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ತಂದೆಯವರಿಗೆ 61 ವರ್ಷ. ಕುತ್ತಿಗೆಯಲ್ಲಿ ಎದ್ದಿದ್ದ ಗಂಟನ್ನು ತೆಗೆದು ಬಯಾಪ್ಸಿಗೆ ಕಳುಹಿಸಿದ್ದರು. ವರದಿಯಲ್ಲಿ ‘ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ’ ಎಂದಿದೆ. ಅದರ ಕೆಳಗೆ ‘ಸಿಡಿ20 ಪಾಸಿಟಿವ್, ಸಿಡಿ3 ನೆಗೆಟಿವ್’ ಎಂದು ಬರೆದಿದ್ದಾರೆ. ಪಾಸಿಟಿವ್ ಎಂಬುದನ್ನು ಓದಿದಾಗಿನಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. ಕಾಯಿಲೆ ಬಹಳ ಮುಂದುವರಿದಿದೆ ಎಂದು ಇದರ ಅರ್ಥವೇ?

ಉತ್ತರ: ನಮಸ್ಕಾರ. ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಈ ಪಾಸಿಟಿವ್‌ಗೂ ಕಾಯಿಲೆ ಎಷ್ಟು ಹರಡಿದೆ ಎಂಬುದಕ್ಕೂ ಸಂಬಂಧವಿಲ್ಲ. ಹರಡಿರುವುದನ್ನು ಸ್ಕ್ಯಾನ್ ಮಾಡಿ ತಿಳಿಯುತ್ತಾರೆ. ಕಾಯಿಲೆ ಯಾವ ಜೀವಕೋಶದಿಂದ ಹುಟ್ಟಿತು ಎಂಬುದನ್ನು ಮಾತ್ರ ಸಿಡಿ20 ಹೇಳುತ್ತದೆ. ಲಿಂಫೋಮಾ ಎಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್.

ನಮ್ಮ ರಕ್ತದಲ್ಲೂ ದುಗ್ಧಗ್ರಂಥಿಗಳಲ್ಲೂ ಇರುವ ಲಿಂಫೋಸೈಟ್‌ಗಳಲ್ಲಿ ಬಿ ಮತ್ತು ಟಿ ಎಂಬ ಎರಡು ಮುಖ್ಯ ಬಗೆಗಳಿವೆ. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ತರಹ ಕಾಣುತ್ತವೆ: ದುಂಡನೆಯ ನೀಲಿ ಚುಕ್ಕೆಗಳು. ಎಷ್ಟೇ ಅನುಭವವಿದ್ದರೂ ಬರೀ ನೋಟದ ಅಂದಾಜಿನಲ್ಲಿ ಇದು ಬಿ, ಇದು ಟಿ ಎಂದು ಆಣೆ ಮಾಡಿ ಹೇಳಲಾಗದು. ಆದರೆ ಅವುಗಳ ಮೈಮೇಲಿನ ಪ್ರೋಟೀನ್‌ಗಳು ಬೇರೆ ಬೇರೆ. ಇಂಥ ಪ್ರೋಟೀನ್‌ಗಳಿಗೆ 1982ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಕಾರ್ಯಾಗಾರದಿಂದ ಸಿಡಿ ಸಂಖ್ಯೆ ಕೊಡುವ ಕ್ರಮ ಶುರುವಾಯಿತು. ಬಿ ಕೋಶದ ಗುರುತು ಸಿಡಿ20, ಟಿ ಕೋಶದ ಗುರುತು ಸಿಡಿ3. ಒಂದೊಂದು ಗುರುತನ್ನೇ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯ (ಆಂಟಿಬಾಡಿ) ಹಾಕಿ, ಗುರುತಿರುವ ಕೋಶಕ್ಕೆ ಕಂದು ಬಣ್ಣ ಬರಿಸುತ್ತೇವೆ; ಬಣ್ಣ ಬಂದರೆ ಪಾಸಿಟಿವ್, ನೀಲಿಯಾಗಿಯೇ ಉಳಿದರೆ ನೆಗೆಟಿವ್. ನಿಮ್ಮ ತಂದೆಯವರ ಗಂಟಿನಲ್ಲಿದ್ದ ದೊಡ್ಡ ಕೋಶಗಳು ಬಿ ವಂಶದವು ಎಂದು ಆ ಒಂದು ಸಾಲು ಹೇಳುತ್ತಿದೆ.

ಈ ಪಾಸಿಟಿವ್‌ನಲ್ಲಿ ಒಂದು ಅನುಕೂಲವೂ ಇದೆ. ರಿಟುಕ್ಸಿಮ್ಯಾಬ್ ಎಂಬ ಔಷಧ ಅಂಟಿಕೊಳ್ಳುವುದು ಇದೇ ಸಿಡಿ20ಕ್ಕೆ. 1997ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಈ ಬಗೆಯ ಲಿಂಫೋಮಾದಲ್ಲಿ ಕೀಮೋಥೆರಪಿಯ ಜೊತೆ ಅದನ್ನು ಸೇರಿಸಿದ ಮೇಲೆ ಗುಣವಾಗುವವರ ಸಂಖ್ಯೆ ಹೆಚ್ಚಿದೆ. ಕೋಶದ ಮೇಲೆ ಸಿಡಿ20 ಇಲ್ಲದಿದ್ದರೆ ಆ ಔಷಧಕ್ಕೆ ಹಿಡಿದುಕೊಳ್ಳಲು ಜಾಗವೇ ಇರುವುದಿಲ್ಲ.

ಪ್ರಶ್ನೆ: ಹಾಗಾದರೆ ಸಿಡಿ20 ಪಾಸಿಟಿವ್ ಬಂದವರಿಗೆಲ್ಲ ಕ್ಯಾನ್ಸರ್ ಇದೆಯೆಂದು ತಿಳಿಯಬೇಕೇ? ನನ್ನ ಟಾನ್ಸಿಲ್ ವರದಿಯಲ್ಲೂ ಈ ಪದವಿತ್ತು.

ಉತ್ತರ: ಖಂಡಿತ ಇಲ್ಲ. ಆರೋಗ್ಯವಂತರ ಟಾನ್ಸಿಲ್‌ನಲ್ಲೂ ಸಿಡಿ20 ಇರುವ ಕೋಶಗಳು ಲಕ್ಷಗಟ್ಟಲೆ ಇರುತ್ತವೆ. ಬಣ್ಣ ಸರಿಯಾಗಿ ಹಿಡಿಯುತ್ತಿದೆಯೇ ಎಂದು ಪರೀಕ್ಷಿಸಲು ಪ್ರಯೋಗಾಲಯಗಳು ಟಾನ್ಸಿಲ್ ತುಣುಕನ್ನೇ ಬಳಸುತ್ತವೆ. ಅದರಲ್ಲಿ ಬಿ ಕೋಶಗಳು ದುಂಡನೆಯ ಗುಂಪುಗಳಾಗಿ ಕುಳಿತಿರುತ್ತವೆ. ಪ್ರತಿ ಕೋಶದ ಅಂಚಿನಲ್ಲೂ ಕಂದು ಬಣ್ಣದ ತೆಳುವಾದ ಬಳೆ, ನಡುವೆ ನೀಲಿ ನ್ಯೂಕ್ಲಿಯಸ್. ಗುಂಪುಗಳ ನಡುವಿನ ಜಾಗದಲ್ಲಿ ಟಿ ಕೋಶಗಳು ಬಣ್ಣ ಹಿಡಿಯದೆ ಉಳಿಯುತ್ತವೆ. ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾದಲ್ಲಿ ಈ ವ್ಯವಸ್ಥೆ ಅಳಿಸಿಹೋಗಿ, ಕಂದು ಕೋಶಗಳು ಗಡಿಯಿಲ್ಲದೆ ಹಾಸಿಕೊಂಡಿರುತ್ತವೆ. ಆದ್ದರಿಂದ ಬಣ್ಣ ಬಂದಿತೇ ಎಂಬುದಕ್ಕಿಂತ, ಎಲ್ಲಿ, ಯಾವ ಗಾತ್ರದ ಕೋಶಕ್ಕೆ, ಯಾವ ವಿನ್ಯಾಸದಲ್ಲಿ ಬಂದಿತು ಎಂಬುದೇ ದೊಡ್ಡ ಪ್ರಶ್ನೆ. ವರದಿಯ ಒಂದು ಸಾಲನ್ನು ಕಿತ್ತು ಅಂತರ್ಜಾಲದಲ್ಲಿ ಹುಡುಕುವವರಿಗೆ ನಾನು ಪದೇ ಪದೇ ಹೇಳುವುದೂ ಇದನ್ನೇ.

ಪ್ರಶ್ನೆ: ಸರ್, ನಾನು ಪ್ರಯೋಗಾಲಯ ತಂತ್ರಜ್ಞೆ. ಲಿಂಫೋಮಾ ಮರುಕಳಿಸಿದ ರೋಗಿಯೊಬ್ಬರ ಮಾದರಿ ಫ್ಲೋ ಸೈಟೊಮೆಟ್ರಿಯಲ್ಲಿ ಸಿಡಿ20 ನೆಗೆಟಿವ್ ಬಂತು, ಅಂಗಾಂಶದಲ್ಲಿ ಪಾಸಿಟಿವ್ ಬಂತು. ಯಾವುದು ತಪ್ಪು?

ಉತ್ತರ: ಎರಡೂ ಸರಿಯಿರಬಹುದು. (ಇತರ ಓದುಗರಿಗೆ: ಫ್ಲೋ ಸೈಟೊಮೆಟ್ರಿ ಎಂದರೆ ದ್ರವದಲ್ಲಿ ತೇಲುವ ಬಿಡಿ ಕೋಶಗಳನ್ನು ಯಂತ್ರದಲ್ಲಿ ಒಂದೊಂದಾಗಿ ಹಾಯಿಸಿ ಗುರುತು ನೋಡುವ ಪರೀಕ್ಷೆ.) ಆ ರೋಗಿ ಇತ್ತೀಚೆಗೆ ರಿಟುಕ್ಸಿಮ್ಯಾಬ್ ಪಡೆದಿದ್ದಾರೆಯೇ, ವಿಚಾರಿಸಿ. ಔಷಧ ಕೋಶದ ಹೊರಮೈಯಲ್ಲಿರುವ ಸಿಡಿ20 ಭಾಗವನ್ನು ಆಗಲೇ ಹಿಡಿದು ಕುಳಿತಿರುತ್ತದೆ. ಫ್ಲೋದಲ್ಲಿ ಹಾಕುವ ಪ್ರತಿಕಾಯವೂ ಹೊರಗಿನಿಂದಲೇ ಬರುವುದರಿಂದ ಅದಕ್ಕೆ ಸ್ಥಳ ಸಿಗುವುದಿಲ್ಲ. ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿದ ಅಂಗಾಂಶಕ್ಕೆ ನಾವು ಸಾಮಾನ್ಯವಾಗಿ ಬಳಸುವ ಎಲ್26 ಪ್ರತಿಕಾಯ ಹಿಡಿಯುವುದು ಅದೇ ಪ್ರೋಟೀನಿನ ಒಳತುದಿಯನ್ನು, ಅಂದರೆ ಕೋಶದ್ರವ್ಯದೊಳಗಿನ ಭಾಗವನ್ನು. ಅಲ್ಲಿಗೆ ಔಷಧದ ಅಡ್ಡಿಯಿಲ್ಲ.

ಆದರೆ ನಿಜವಾಗಿಯೇ ಸಿಡಿ20 ಮಾಯವಾಗುವುದೂ ಉಂಟು. ಒಮ್ಮೆ ನನ್ನ ಮೇಜಿಗೆ ಬಂದ ಸ್ಲೈಡಿನಲ್ಲಿ ದೊಡ್ಡ ಕೋಶಗಳೆಲ್ಲ ಸಿಡಿ20ಕ್ಕೂ ನೀಲಿ, ಸಿಡಿ3ಕ್ಕೂ ನೀಲಿ. ಅಲ್ಲಲ್ಲಿ ಉಳಿದ ಪುಟ್ಟ ಲಿಂಫೋಸೈಟ್‌ಗಳು ಮಾತ್ರ ಕಂದಾಗಿದ್ದವು, ಆದ್ದರಿಂದ ಬಣ್ಣದ ದೋಷವಲ್ಲ ಎಂಬುದು ಸ್ಪಷ್ಟವಿತ್ತು. ಕೋರಿಕೆ ಪತ್ರದಲ್ಲಿ ‘ಗಂಟು’ ಎಂಬುದೊಂದೇ ಪದ. ಲಿಂಫೋಮಾ ಅಲ್ಲವೇನೋ ಎಂಬ ದಿಕ್ಕಿನಲ್ಲಿ ಅರ್ಧ ದಿನ ಕಳೆದೆ. ಕೊನೆಗೆ ವೈದ್ಯರಿಗೆ ಫೋನ್ ಮಾಡಿದಾಗ, ಬಿ ಸೆಲ್ ಲಿಂಫೋಮಾಕ್ಕೆ ರಿಟುಕ್ಸಿಮ್ಯಾಬ್ ಆಗಿದ್ದ ವಿಷಯ ತಿಳಿಯಿತು. ಬಿ ಕೋಶದ ನ್ಯೂಕ್ಲಿಯಸ್‌ನಲ್ಲಿರುವ ಇನ್ನೊಂದು ಗುರುತಾದ ಪ್ಯಾಕ್ಸ್5 ಹಾಕಿಸಿದೆ. ನ್ಯೂಕ್ಲಿಯಸ್‌ಗಳೆಲ್ಲ ಕಂದಾದವು. ಬಿ ಕೋಶಗಳೇ, ಸಿಡಿ20 ಕಳೆದುಕೊಂಡವು. ಅಂದಿನಿಂದ ಚಿಕಿತ್ಸೆಯಾದ ರೋಗಿಯ ಮಾದರಿಗೆ ಸಿಡಿ20 ಒಂದನ್ನೇ ನಂಬಿಲ್ಲ. ಬಿ ಕೋಶದ ಬೇರೆ ಗುರುತುಗಳಾದ ಪ್ಯಾಕ್ಸ್5, ಸಿಡಿ79ಎ, ಸಿಡಿ19 ಇವುಗಳಲ್ಲಿ ಒಂದಾದರೂ ಜೊತೆಗಿರಬೇಕು.

ಪ್ರಶ್ನೆ: ಮಲ್ಟಿಪಲ್ ಮೈಲೋಮಾ ಸಹ ಬಿ ಕೋಶಗಳಿಂದಲೇ ಬರುತ್ತದೆಯಲ್ಲವೇ? ಅದರಲ್ಲಿ ಸಿಡಿ20 ಏಕೆ ನೋಡುವುದಿಲ್ಲ? (ವಿದ್ಯಾರ್ಥಿ)

ಉತ್ತರ: ಬಿ ಕೋಶ ಪ್ಲಾಸ್ಮಾ ಕೋಶವಾಗಿ ಬಲಿಯುವಾಗ ಸಿಡಿ20 ಕಳಚಿಕೊಳ್ಳುತ್ತದೆ. ಮೈಲೋಮಾ ಈ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್. ಹಾಗಾಗಿ ಅದರಲ್ಲಿ ಸಿಡಿ20 ಹೆಚ್ಚಾಗಿ ಇರುವುದಿಲ್ಲ, ಪ್ಲಾಸ್ಮಾ ಕೋಶದ ಗುರುತಾದ ಸಿಡಿ138 ನೋಡುತ್ತೇವೆ. ತೀರಾ ಎಳೆಯ ಬಿ ಕೋಶಗಳಲ್ಲೂ ಸಿಡಿ20 ಇನ್ನೂ ಬಂದಿರುವುದಿಲ್ಲ. ಸಿಡಿ20ರ ಮಟ್ಟವನ್ನೂ ಗಮನಿಸಿ: ಬಿ ಕೋಶದ ಎರಡು ರಕ್ತಕ್ಯಾನ್ಸರ್‌ಗಳಲ್ಲಿ, ಸಿಎಲ್ಎಲ್‌ನಲ್ಲಿ (ಕ್ರಾನಿಕ್ ಲಿಂಫೋಸೈಟಿಕ್ ಲ್ಯೂಕೀಮಿಯಾ) ಮಂದ, ಹೇರಿ ಸೆಲ್ ಲ್ಯೂಕೀಮಿಯಾದಲ್ಲಿ ಪ್ರಖರ.

ಪ್ರಶ್ನೆ: ಡಾಕ್ಟರೇ, ತಂದೆಯವರ ಬಗ್ಗೆ ಕೇಳಿದ್ದವಳು ನಾನೇ. ಅಮ್ಮ ನಿಮ್ಮ ಉತ್ತರ ಓದಿಸಿಕೊಂಡು ಸ್ವಲ್ಪ ಊಟ ಮಾಡಿದರು. ಚಿಕಿತ್ಸೆಗೆ ಮುಂಚೆ ನಾವು ಏನಾದರೂ ಕೇಳಬೇಕೇ?

ಉತ್ತರ: ತುಂಬಾ ಸಂತೋಷ. ಎರಡು ವಿಷಯ. ಹೆಪಟೈಟಿಸ್ ಬಿ ರಕ್ತಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ. ರಿಟುಕ್ಸಿಮ್ಯಾಬ್‌ನಿಂದ ಅಡಗಿದ್ದ ವೈರಾಣು ಮತ್ತೆ ಎದ್ದು ಯಕೃತ್ತಿಗೆ ಗಂಭೀರ ಹಾನಿ ಮಾಡಬಹುದು. ಸೋಂಕು ಮೊದಲೇ ಗೊತ್ತಾದರೆ ತಡೆಯುವ ಮಾತ್ರೆಗಳಿವೆ. ಎರಡನೆಯದು, ಬಯಾಪ್ಸಿಯ ವರದಿಯನ್ನೂ ಬ್ಲಾಕ್ (ಅಂಗಾಂಶ ಹುದುಗಿಸಿಟ್ಟ ಮೇಣದ ತುಂಡು) ಸಂಖ್ಯೆಯನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆಂದಾದರೂ ಇನ್ನೊಂದು ಮಾದರಿ ತೆಗೆಯಬೇಕಾದರೆ ಆ ಹಳೆಯ ವರದಿಯ ಪ್ರತಿಯನ್ನೂ ಪಡೆದ ಔಷಧಗಳ ಹೆಸರನ್ನೂ ಕೋರಿಕೆ ಪತ್ರದ ಜೊತೆ ಲಗತ್ತಿಸಲು ಹೇಳಿ. ಸ್ಲೈಡ್ ನೋಡುವವರಿಗೆ ಅರ್ಧ ದಿನ ಉಳಿಯುತ್ತದೆ, ನಿಮ್ಮ ತಂದೆಯವರಿಗೂ.